ಹಡಗು ಸಿದ್ಧವಿದೆ ಎಂದ ಮಾತ್ರಕ್ಕೆ

ತ್ರಾಸಿ

ಪ್ರೀತಿಯ ಬಾಯೆ,

ನಿನ್ನ ಸಂದೇಶ ಬಂದು ಕೆಲವು ದಿನಗಳಾದವು. ನಿಂತ ಕಾಲಲ್ಲಿ ಉತ್ತರ ಕೊಡುವಂಥ ಪ್ರಶ್ನೆ ಅಲ್ಲ ಅದು, ಹಾಗಾಗಿ ತಡವಾಯಿತು. ನರ್ಸಿಂಗ್ ಮುಗಿಸಿ ಆಸ್ಪತ್ರೆಯಲ್ಲಿ ದುಡಿಯುತ್ತಿದ್ದೀ, ಈಗ ಕುವೈತಿನಿಂದ ಕೆಲಸದ ಕರೆ ಬಂದಿದೆ. ಅಪ್ಪನಿಗೆ ಬೆನ್ನುನೋವು, ಮರದ ಕೆಲಸಕ್ಕೆ ಮೊದಲಿನಂತೆ ಹೋಗಲಾಗುವುದಿಲ್ಲ. ಮನೆಯ ಸಾಲ ತೀರಿಲ್ಲ. ತಮ್ಮನ ಓದು ಮುಗಿದಿಲ್ಲ. "ಟೀಚರ್, ದಿನಾ ಪ್ರಾರ್ಥನೆ ಮಾಡ್ತಿದ್ದೇನೆ. ದೇವರು ಹೋಗು ಅಂತಲೂ ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ" ಎಂದು ಬರೆದಿದ್ದೀ.

ನಿನ್ನ ಒಪ್ಪಿಗೆ ಕೇಳಿಯೇ, ಹೆಸರು ಹಾಕದೆ, ಎಲ್ಲರ ಕಣ್ಣಿಗೆ ಬೀಳುವಂತೆ ಇದನ್ನು ಬರೆಯುತ್ತಿದ್ದೇನೆ. ತ್ರಾಸಿ, ಗಂಗೊಳ್ಳಿ, ಬೈಂದೂರು ಕಡೆಯ ಎಷ್ಟೋ ಮಕ್ಕಳು ಇದೇ ಪ್ರಶ್ನೆಯನ್ನು ನನ್ನ ಮನೆಯ ಜಗಲಿಗೆ ಹೊತ್ತು ತಂದಿದ್ದಾರೆ. ಒಬ್ಬನಿಗೆ ಸೆಮಿನರಿ ಸೇರಲೋ ಬೇಡವೋ ಎಂಬುದು, ಇನ್ನೊಬ್ಬಳಿಗೆ ಬಂದ ಸಂಬಂಧ ಒಪ್ಪಲೋ ಬಿಡಲೋ ಎಂಬುದು. ಎಲ್ಲರಿಗೂ ಬೇಕಾದದ್ದು ದೇವರ ಬಾಯಿಂದ ಒಂದೇ ಒಂದು ಮಾತು.

ಮೊದಲು ಒಂದು ವಿಷಯ. ಕಣ್ಣು ಮುಚ್ಚಿ ಬೈಬಲ್ ತೆರೆದು, ಬೆರಳಿಟ್ಟ ಕಡೆ ಏನಿದೆಯೋ ಅದೇ ದೇವರ ಉತ್ತರ ಎಂದು ನೋಡಿದ್ದಾಗಿ ಬರೆದಿದ್ದೀಯಲ್ಲ, ಅದನ್ನು ಇನ್ನು ಮಾಡಬೇಡ. ನಿನ್ನ ಮೇಲೆ ಸಿಟ್ಟಿಲ್ಲ. ನಾವು ಹುಟ್ಟಿ ಬೆಳೆದ ಊರಿನ ಗಾಳಿಯಲ್ಲೇ ಆ ಅಭ್ಯಾಸ ಇದೆ. ಹೂವಿನ ಪ್ರಸಾದ ಬಲಕ್ಕೆ ಬಿತ್ತೋ ಎಡಕ್ಕೆ ಬಿತ್ತೋ ಎಂದು ನೋಡಿ ಹೊಸ ಕೆಲಸಕ್ಕೆ ಕೈಹಾಕುವವರು ನಮ್ಮ ನೆರೆಕರೆಯವರು. ಅವರ ನಂಬಿಕೆಯನ್ನು ಅಳೆಯುವ ಅಧಿಕಾರ ನನಗಿಲ್ಲ, ಆ ಇಚ್ಛೆಯೂ ಇಲ್ಲ. ಆದರೆ ನಮ್ಮ ಕೈಗೆ ಕೊಟ್ಟ ಶ್ರೀಗ್ರಂಥ ಆ ಬಗೆಯ ಉಪಯೋಗಕ್ಕೆ ಕೊಟ್ಟದ್ದಲ್ಲ. ಮತ್ತಾಯನ ಶುಭಸಂದೇಶದ ನಾಲ್ಕನೆಯ ಅಧ್ಯಾಯ ತೆಗೆದು ನೋಡು. ದೇವಾಲಯದ ತುದಿಯಲ್ಲಿ ಯೇಸುಸ್ವಾಮಿಯನ್ನು ನಿಲ್ಲಿಸಿ, ಕೆಳಗೆ ಧುಮುಕು ಎಂದು ಸೈತಾನ ಹೇಳುವಾಗ ಅವನ ಬಾಯಲ್ಲಿದ್ದದ್ದು 91ನೆಯ ಕೀರ್ತನೆಯ ಮಾತು. ವಾಕ್ಯ ಸರಿಯಾಗಿಯೇ ಇತ್ತು, ಆದರೆ ಅದನ್ನು ಅದರ ಜಾಗದಿಂದ ಕಿತ್ತು ತಂದಿದ್ದ. ಯೇಸು ಅದಕ್ಕೆ ಉತ್ತರ ಕೊಟ್ಟದ್ದೂ ಶ್ರೀಗ್ರಂಥದಿಂದಲೇ, ಇಡೀ ಗ್ರಂಥ ಬಲ್ಲವರಾಗಿ. ಬಿಡಿ ವಾಕ್ಯ ಯಾರ ಕೈಯಲ್ಲಿ ಬೇಕಾದರೂ ಯಾವ ಕಡೆಗೆ ಬೇಕಾದರೂ ತಿರುಗುತ್ತದೆ.

ಕನ್ನಡದಲ್ಲಿ ಬೈಬಲ್ ಬಂದ ಬಗೆ ನಿನಗೆ ಶಾಲೆಯಲ್ಲಿ ಹೇಳಿದ್ದು ನೆನಪಿರಬಹುದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಇಡೀ ಗ್ರಂಥ ಕನ್ನಡದಲ್ಲಿ ಅಚ್ಚಾಗಿ ಪೂರ್ತಿಯಾದದ್ದು 1831ರಲ್ಲಿ. ಎರಡು ದಶಕ ಒಂದೊಂದು ಸಾಲಿನ ಮುಂದೆ ಕೂತವರ ಶ್ರಮ ಅದು. ನಾವು ಕತೋಲಿಕರು, ಅವರು ಪ್ರೊಟೆಸ್ಟೆಂಟರು, ಇರಲಿ. ಆ ಶ್ರಮಕ್ಕೆ ತಲೆಬಾಗದೆ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ. ಅಷ್ಟು ನಿಧಾನವಾಗಿ ನಮ್ಮ ಬಳಿಗೆ ಬಂದ ಪುಸ್ತಕ ಅರ್ಧ ನಿಮಿಷದಲ್ಲಿ ಹೌದು ಅಥವಾ ಅಲ್ಲ ಎಂದು ಹೇಳಿಬಿಡಬೇಕು ಎಂದು ಹಟ ಹಿಡಿಯುವುದು ಸರಿಯಲ್ಲ.

ಇನ್ನು ನೀನು ಬರೆದ ಇನ್ನೊಂದು ಮಾತು: "ವೀಸಾ ಇಷ್ಟು ಬೇಗ ಆಗುತ್ತದೆ ಎಂದುಕೊಂಡಿರಲಿಲ್ಲ, ಬಾಗಿಲು ತಾನಾಗಿ ತೆರೆಯಿತು, ಇದು ದೇವರದೇ ಗುರುತಾಗಿರಬೇಕು." ಇರಬಹುದು. ಆದರೆ ಯೋನನ ಕಥೆ ಇನ್ನೊಮ್ಮೆ ಓದು. ಪೂರ್ವದಲ್ಲಿದ್ದ ನಿನೆವೆಗೆ ಹೋಗು ಎಂದು ದೇವರು ಹೇಳಿದ್ದರು. ಯೋನ ಪಡುವಣಕ್ಕೆ ಓಡಿದ. ಯೊಪ್ಪದ ಬಂದರಿಗೆ ಇಳಿದಾಗ ತಾರ್ಷೀಷಿಗೆ ಹೊರಟ ಹಡಗು ಅಲ್ಲೇ ನಿಂತಿತ್ತು. ಹಡಗಿನಲ್ಲಿ ಜಾಗವಿತ್ತು, ಕೈಯಲ್ಲಿ ಕೊಡಲು ಹಣವೂ ಇತ್ತು. ಎಲ್ಲ ಕೂಡಿಬಂದಿತ್ತು, ಆದರೂ ದಿಕ್ಕು ತಪ್ಪಿತ್ತು. ಗಂಗೊಳ್ಳಿ ಬಂದರು ನೋಡುತ್ತಾ ಬೆಳೆದವಳಿಗೆ ಇದು ಅರ್ಥವಾಗದೆ ಇರದು. ದಕ್ಕೆಯಲ್ಲಿ ಯಾವಾಗಲೂ ಯಾವುದೋ ಒಂದು ಬೋಟು ಹೊರಡಲು ನಿಂತೇ ಇರುತ್ತದೆ. ಕೆಲಸ ಸಲೀಸಾಗಿ ಆಯಿತು ಎಂಬುದು ದೇವರ ಚಿತ್ತಕ್ಕೆ ಸಾಕ್ಷಿಯಲ್ಲ, ಅಡ್ಡಿ ಬಂತು ಎಂಬುದು ದೇವರ ನಿರಾಕರಣೆಯೂ ಅಲ್ಲ. ನಿನ್ನ ವೀಸಾ ಯೋನನ ಹಡಗು ಎಂದು ನಾನು ಹೇಳುತ್ತಿಲ್ಲ. ವೀಸಾ ಒಂದನ್ನೇ ನೋಡಿ ತೀರ್ಮಾನಿಸಲು ಬರುವುದಿಲ್ಲ ಎಂದಷ್ಟೇ ನನ್ನ ಮಾತು.

ಗಿದ್ಯೋನನ ಉಣ್ಣೆಯ ವಿಚಾರ ಕೆಲವರು ಎತ್ತುತ್ತಾರೆ, ಅವನೂ ಗುರುತು ಕೇಳಿದನಲ್ಲ ಎಂದು. ಕೇಳಿದ, ದಿಟ. ಆದರೆ ಏನು ಮಾಡಬೇಕೆಂದು ದೇವರು ಮೊದಲೇ ಸ್ಪಷ್ಟವಾಗಿ ಹೇಳಿಯಾಗಿತ್ತು. ಉಣ್ಣೆಯನ್ನು ಇಬ್ಬನಿಗೆ ಹಾಕಿದ್ದು ಅವನ ಅಂಜಿಕೆಗಾಗಿ, ದೇವರು ಕರುಣೆಯಿಂದ ಅದನ್ನು ಸಹಿಸಿದರು. ಅದು ನಮಗೆ ಹಾಕಿಕೊಟ್ಟ ಮಾದರಿಯಲ್ಲ. ಹಾಗೆಯೇ ಯೂದನ ಸ್ಥಾನಕ್ಕೆ ಮತ್ತೀಯನನ್ನು ಆರಿಸಲು ಪ್ರೇಷಿತರು ಚೀಟಿ ಹಾಕಿದರು. ಅದು ಪವಿತ್ರಾತ್ಮ ಇಳಿದು ಬರುವುದಕ್ಕೆ ಮೊದಲು. ಆ ಮೇಲೆ ಪ್ರೇಷಿತರ ಕಾರ್ಯಕಲಾಪಗಳ ಪುಸ್ತಕದಲ್ಲಿ ಚೀಟಿಯ ಸುದ್ದಿಯೇ ಇಲ್ಲ. ಅಂತಿಯೋಕ್ಯದಲ್ಲಿ ಉಪವಾಸವಿದ್ದು ಪ್ರಾರ್ಥಿಸುತ್ತಿದ್ದಾಗ ಬಾರ್ನಬ, ಸೌಲರನ್ನು ಕಳುಹಿಸುವ ಪ್ರೇರಣೆ ಬಂತು. ಜೆರುಸಲೇಮಿನಲ್ಲಿ ಹಿರಿಯರೆಲ್ಲ ಕೂತು ವಾದಿಸಿ, ಕೇಳಿಸಿಕೊಂಡು, ಶ್ರೀಗ್ರಂಥದೊಡನೆ ತಾಳೆ ನೋಡಿ, ಪವಿತ್ರಾತ್ಮರಿಗೂ ತಮಗೂ ಒಪ್ಪಿಗೆಯಾದದ್ದು ಇದು ಎಂದು ಪತ್ರ ಬರೆದರು.

ಹಾಗಾದರೆ ದೇವರ ದಾರಿ ತಿಳಿಯುವುದು ಹೇಗೆ? ನನ್ನ ಮನೆಯಲ್ಲಿ ನಾನು ಕಂಡದ್ದನ್ನೇ ಹೇಳುತ್ತೇನೆ.

ನಾವು ಚಿಕ್ಕವರಿದ್ದಾಗ ಪೂಜೆ ಲತೀನಿನಲ್ಲಿತ್ತು, ಮನೆಯಲ್ಲಿ ಬೈಬಲ್ ಇರಲಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ ನಡೆದು, 1965ರ ನವೆಂಬರಿನಲ್ಲಿ ದೈವವಾಕ್ಯದ ಕುರಿತ ದಸ್ತಾವೇಜು ಹೊರಟ ಮೇಲೆಯೇ ಎಲ್ಲ ವಿಶ್ವಾಸಿಗಳೂ ಶ್ರೀಗ್ರಂಥ ಓದಬೇಕೆಂಬ ಮಾತಿಗೆ ನಮ್ಮಲ್ಲಿ ಬಲ ಬಂದದ್ದು. ಅಮ್ಮನಿಗೆ ಇದ್ದದ್ದು ಸಂಜೆಯ ತೆರ್ಸ್, ಅಂದರೆ ಜಪಮಾಲೆ. ಗಂಟೆ ಹೊಡೆದ ಕೂಡಲೇ ಆಲ್ತಾರಿನ ಎದುರು ದೀಪ ಹಚ್ಚುವಳು. ಐವತ್ತಮೂರು ನಮೋ ಮರಿಯ ಮುಗಿದು, ದೇವಮಾತೆಯ ಸ್ತುತಿಮಾಲೆಯೂ ಮುಗಿದು, ನಮಗೆಲ್ಲ ಮೊಣಕಾಲು ನೋಯಲು ಶುರುವಾದ ಮೇಲೆ ಅವಳ ಸ್ವಂತ ಪ್ರಾರ್ಥನೆ ಆರಂಭ. ಬೊಂಬಾಯಿಯಲ್ಲಿರುವ ಅಣ್ಣನಿಗೆ ಒಂದು ಆಮ್ಚ್ಯಾ ಬಾಪಾ ಪ್ರಾರ್ಥನೆ, ಹಡಗಿನ ಕೆಲಸದಲ್ಲಿರುವ ಮಾವನಿಗೆ ಒಂದು, ಹೆರಿಗೆಗೆ ಬಂದ ಮನೆಮಗಳಿಗೆ ಒಂದು. ಒಂದು ಸಂಜೆ ಆ ಸಾಲಿನಲ್ಲಿ ಅವಳು ಬೇಲಿಯಾಚೆಯ ಮನೆಯ ಹೆಂಗಸಿನ ಹೆಸರು ಹೇಳಿದಳು. ಜಾಗದ ತಕರಾರಿನಿಂದ ಆ ಮನೆಯೊಂದಿಗೆ ನಮಗೆ ಮಾತಿರಲಿಲ್ಲ. ನಾವು ಮಕ್ಕಳು ತಲೆಯೆತ್ತಿ ನೋಡಿದೆವು. ಅಮ್ಮ ಕಣ್ಣು ಬಿಡಲಿಲ್ಲ. ಮರುದಿನ ಬೆಳಿಗ್ಗೆ ಅಕ್ಕಿಯ ಸಣ್ಣಗಳನ್ನು ಬಾಳೆಲೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, "ಅವರಿಗೆ ಜ್ವರವಂತೆ, ಕೊಟ್ಟು ಬಾ, ಏನೂ ಮಾತಾಡಬೇಡ" ಎಂದಳು. ನಾನು ಕೊಟ್ಟು ಬಂದೆ. ತಕರಾರು ಮುಗಿಯಲು ಆಮೇಲೂ ಬಹಳ ಕಾಲ ಹಿಡಿಯಿತು, ಆದರೆ ಮಾತು ಶುರುವಾದದ್ದು ಆ ದಿನವೇ.

ದೇವರು ಅಮ್ಮನಿಗೆ ದೊಡ್ಡ ದನಿಯಲ್ಲಿ ಏನನ್ನೂ ಹೇಳಿರಲಿಲ್ಲ. ಪ್ರಾರ್ಥನೆಯಲ್ಲಿ ಒಂದು ಹೆಸರು ನೆನಪಿಗೆ ಬಂತು, ಬಂದದ್ದನ್ನು ಅವಳು ತಳ್ಳಿಹಾಕಲಿಲ್ಲ, ಮರುದಿನ ಕೈಯಲ್ಲಾದದ್ದು ಮಾಡಿದಳು. ದೇವರ ನಡೆಸುವಿಕೆ ಎಂದರೆ ಬಹುಮಟ್ಟಿಗೆ ಇದೇ ಎಂಬುದು ನನ್ನ ದೃಢ ನಂಬಿಕೆ. ಇಂಥ ಸಣ್ಣ ಪ್ರೇರಣೆಗಳಿಗೆ ವಿಧೇಯರಾಗಿ ನಡೆದು ಅಭ್ಯಾಸವಾದವರಿಗೆ ದೊಡ್ಡ ತೀರ್ಮಾನದ ಹೊತ್ತಿನಲ್ಲಿ ಆ ದನಿಯ ಪರಿಚಯ ಇರುತ್ತದೆ. ದನಿಯನ್ನು ಒಂದು ದಿನವೂ ಕೇಳದೆ, ವೀಸಾ ಬಂದ ದಿನ ಮಾತ್ರ ಕಿವಿಯಿಟ್ಟರೆ ಅದು ಯಾರ ದನಿ ಎಂದು ಗುರುತಿಸುವುದು ಕಷ್ಟ. ದೇವರು ಕರೆದಾಗ ಸಮುವೇಲನಂಥ ಸಮುವೇಲನೇ, ಕರೆದದ್ದು ಗುರು ಏಲಿ ಎಂದುಕೊಂಡು ಮೂರು ಸಲ ಎದ್ದು ಅವನ ಬಳಿಗೆ ಓಡಿದ.

ಆದ್ದರಿಂದ ನಿನ್ನ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಟ್ಟು ಓದಲು ಶುರುಮಾಡು. ಮಾರ್ಕನಿಂದ ತೊಡಗು, ಹದಿನಾರೇ ಅಧ್ಯಾಯ. ದಿನಕ್ಕೆ ಒಂದು ಪ್ರಸಂಗ ಸಾಕು. ಹನ್ನೆರಡನೆಯ ಶತಮಾನದಲ್ಲಿ ಗಿಗೊ ಎಂಬ ಕಾರ್ಥೂಸಿಯನ್ ಸನ್ಯಾಸಿ ತನ್ನ ಗೆಳೆಯನಿಗೆ ಬರೆದ ಪತ್ರವೊಂದರಲ್ಲಿ ಇದಕ್ಕೆ ನಾಲ್ಕು ಮೆಟ್ಟಿಲು ಹೇಳಿದ್ದಾನೆ: ಓದುವುದು, ಓದಿದ್ದನ್ನು ಮನಸ್ಸಿನಲ್ಲಿ ಮೆಲುಕು ಹಾಕುವುದು, ಅದನ್ನೇ ಹಿಡಿದು ದೇವರೊಡನೆ ಮಾತಾಡುವುದು, ಕೊನೆಗೆ ಸುಮ್ಮನೆ ಅವರ ಎದುರು ಇರುವುದು. ನಮ್ಮ ಮನೆಗಳಲ್ಲಿ ಮೂರನೆಯದು ಧಾರಾಳವಾಗಿ ನಡೆಯುತ್ತದೆ, ಉಳಿದ ಮೂರಕ್ಕೆ ಪುರುಸೊತ್ತಿಲ್ಲ. ನೀನು ನಾಲ್ಕನೆಯದಕ್ಕೆ ಐದು ನಿಮಿಷವಾದರೂ ಇಡು. ಫೋನನ್ನು ಇನ್ನೊಂದು ಕೋಣೆಯಲ್ಲಿಡು. ನೀನು ಫೋನಿನಲ್ಲೇ ಬೈಬಲ್ ಓದುತ್ತೀ ಎಂದು ಗೊತ್ತು, ಅದು ತಪ್ಪೇನಲ್ಲ, ಆದರೆ ಅದೇ ಫೋನಿಗೆ ಏಜೆಂಟನ ಸಂದೇಶವೂ ಬರುತ್ತದಲ್ಲ.

ಓದುವಾಗ ನಿನ್ನ ಪ್ರಶ್ನೆಗೆ ಉತ್ತರ ಹುಡುಕಬೇಡ. ಯೇಸುಸ್ವಾಮಿ ಹೇಗೆ ನಡೆದುಕೊಂಡರು, ಯಾರ ಕಡೆ ತಿರುಗಿ ನೋಡಿದರು, ಯಾವುದಕ್ಕೆ ನೊಂದುಕೊಂಡರು, ಅದನ್ನು ನೋಡು. ನಿನ್ನ ಊರಿನ ಹೆಸರೋ ಕುವೈತಿನ ಹೆಸರೋ ಆ ಪುಟಗಳಲ್ಲಿ ಸಿಕ್ಕುವುದಿಲ್ಲ. ಸಿಕ್ಕುವುದು ನಿನಗೆ ಯಾವುದು ಮುಖ್ಯವಾಗಬೇಕು ಎಂಬುದು. ಅದು ತಿಳಿದರೆ ಅರ್ಧ ತೀರ್ಮಾನ ಆದ ಹಾಗೆ.

ಈಗ ನಮ್ಮದೇ ಮಣ್ಣಿನ ಮೇಲೆ ನಡೆದಾಡಿದ ಒಬ್ಬರ ವಿಚಾರ. ಸಂತ ಜೋಸೆಫ್ ವಾಜ್ ಅವರ ಚಿತ್ರ ನೀನು ಇಗರ್ಜಿಯಲ್ಲಿ ನೋಡಿದ್ದೀ. 2015ರ ಜನವರಿ 14ರಂದು ಕೊಲಂಬೋದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದಾಗ ನಮ್ಮ ಕಡೆಯ ಇಗರ್ಜಿಗಳಲ್ಲೂ ಸಂಭ್ರಮವಿತ್ತು. ಲಂಕೆಯ ಪ್ರೇಷಿತ ಎಂದೇ ಅವರಿಗೆ ಹೆಸರು. ಆದರೆ ಲಂಕೆಗೆ ಮೊದಲು ಅವರು ನಮ್ಮವರಾಗಿದ್ದರು ಎಂಬುದನ್ನು ನಮ್ಮ ಮಕ್ಕಳಿಗೆ ನಾವು ಸಾಕಷ್ಟು ಹೇಳುವುದಿಲ್ಲ. ಅದು ನನಗೆ ನೋವಿನ ಸಂಗತಿ.

ಅವರು ಹುಟ್ಟಿದ್ದು 1651ರಲ್ಲಿ, ಗೋವೆಯ ಬೆನಾವಲಿಯಲ್ಲಿ. 1676ರಲ್ಲಿ ಗುರುದೀಕ್ಷೆ. ಆ ಕಾಲಕ್ಕೆ ಲಂಕೆಯ ಕರಾವಳಿ ಡಚ್ಚರ ಕೈಸೇರಿ, ಕತೋಲಿಕ ಧರ್ಮಗುರುಗಳಿಗೆ ಅಲ್ಲಿ ಕಾಲಿಡಲು ಬಿಡುತ್ತಿರಲಿಲ್ಲ. ಅಲ್ಲಿಯ ವಿಶ್ವಾಸಿಗಳು ವರ್ಷಾನುಗಟ್ಟಲೆ ಪೂಜೆಯಿಲ್ಲದೆ, ಸಂಸ್ಕಾರವಿಲ್ಲದೆ ಇದ್ದಾರೆಂದು ಕೇಳಿ ಯುವ ಗುರು ವಾಜರ ಮನಸ್ಸು ಲಂಕೆಗೆ ಹಾರಿತು. ತಾವು ಹೋಗುತ್ತೇವೆಂದು ಮುಂದೆ ಬಂದರು. ಇದಕ್ಕಿಂತ ಒಳ್ಳೆಯ ಬಯಕೆ ಯಾವುದಿದ್ದೀತು? ಆದರೆ 1681ರಲ್ಲಿ ಅವರ ಮೇಲಿನವರು ಅವರನ್ನು ಕಳುಹಿಸಿದ್ದು ಕೆನರಾಕ್ಕೆ, ಅಂದರೆ ನಮ್ಮಲ್ಲಿಗೆ.

ಬಂದ ಕೆಲಸವಾದರೂ ಎಂಥದು! ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆಯ ಕಾಲ. ಇಗರ್ಜಿಗಳು ಪಾಳುಬಿದ್ದಿದ್ದವು. ಅದಕ್ಕಿಂತ ದೊಡ್ಡ ತಾಪತ್ರಯವೆಂದರೆ ಧರ್ಮಸಭೆಯ ಒಳಗಿನ ಜಗಳ. ಇಲ್ಲಿಯ ಕ್ರೈಸ್ತರ ಮೇಲಿನ ಅಧಿಕಾರ ಪೋರ್ಚುಗೀಸ್ ದೊರೆಯ ಹಕ್ಕಿನಂತೆ ಗೋವೆಯದೋ, ಅಥವಾ ರೋಮಿನಿಂದ ನೇರವಾಗಿ ನೇಮಕಗೊಂಡ ಬಿಷಪ್ ತೋಮಸ್ ದೆ ಕಾಸ್ತ್ರೊ ಅವರದೋ ಎಂದು ಎರಡು ಪಂಗಡಗಳಾಗಿ ಜನ ಒಡೆದುಹೋಗಿದ್ದರು. ಒಬ್ಬರ ಗುರುಗಳು ಕೊಟ್ಟ ಸಂಸ್ಕಾರ ಇನ್ನೊಬ್ಬರಿಗೆ ಸಲ್ಲುತ್ತಿರಲಿಲ್ಲ. ಲಂಕೆಯ ಕನಸು ಹೊತ್ತವರ ತಲೆಗೆ ಈ ಕಗ್ಗಂಟು ಕಟ್ಟಿದರು. ಹೊನ್ನಾವರ, ಬಸರೂರು, ಕುಂದಾಪುರ, ಗಂಗೊಳ್ಳಿಯ ಇಗರ್ಜಿಗಳನ್ನು ಅವರು ಸರಿಪಡಿಸಿದರು, ಹಲವು ಕಡೆ ಸಣ್ಣ ಶಾಲೆಗಳನ್ನು ತೆರೆದರು. ಬಿಷಪ್ ಕಾಸ್ತ್ರೊ ಅವರೊಡನೆ ಹಗೆ ಕಟ್ಟಿಕೊಳ್ಳದೆ ಮಾತುಕತೆಯಲ್ಲಿ ಸೌಹಾರ್ದ ತಂದರು. 1684ರಲ್ಲಿ ಗೋವೆಗೆ ಮರಳಿದರು.

ಮರಳಿದ ಮೇಲೂ ಲಂಕೆ ಕೂಡಲೇ ಸಿಗಲಿಲ್ಲ. ಹಳೆಗೋವೆಯ ಗುಡ್ಡದ ಮೇಲೆ ಕೆಲವು ಧರ್ಮಗುರುಗಳು ಒಟ್ಟಾಗಿ ಪ್ರಾರ್ಥನೆಯ ಬದುಕು ಬದುಕುತ್ತಿದ್ದರು. 1685ರಲ್ಲಿ ವಾಜರು ಅವರನ್ನು ಸೇರಿದರು, ಆ ಗುಂಪಿಗೆ ಸಂಘದ ರೂಪ ಕೊಟ್ಟರು. ಆ ಮೇಲೆ 1686ರಲ್ಲಿ ಹೊರಟು, ತೂತುಕುಡಿಯ ದಾರಿಯಾಗಿ, ಕೂಲಿಯವನ ವೇಷದಲ್ಲಿ 1687ರಲ್ಲಿ ಲಂಕೆಗೆ ತಲುಪಿದರು. ಕಾಯಿಲೆ ಬಿದ್ದರು. 1692ರಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಅನುಮಾನಕ್ಕೆ ಕ್ಯಾಂಡಿಯಲ್ಲಿ ಸೆರೆಯಾದರು. ಆ ಮೇಲೆ ಲಂಕೆಯಲ್ಲಿಯೇ ದುಡಿದು 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು.

ಈ ತಾರೀಖುಗಳನ್ನೆಲ್ಲ ಯಾಕೆ ಬರೆದೆನೆಂದರೆ, ಸಾಲಾಗಿ ಇಟ್ಟು ನೋಡಿದಾಗ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಅವರ ಹೃದಯದಲ್ಲಿದ್ದ ಕರೆ ನಿಜವಾದದ್ದೇ, ಲಂಕೆಗೇ ದೇವರು ಅವರನ್ನು ಕರೆದಿದ್ದರು. ಆದರೂ ಬೇರೆ ದಿಕ್ಕಿಗೆ ಕಳುಹಿಸಿದಾಗ ಅವರು ಹೋದರು. ಕರೆ ಸುಳ್ಳಾಯಿತೆಂದು ಕುಸಿಯಲಿಲ್ಲ, ಕರೆಯ ಹೆಸರು ಹೇಳಿ ವಿಧೇಯತೆ ಬಿಡಲಿಲ್ಲ. ಕೆನರಾದ ವರ್ಷಗಳನ್ನು ಕಾಯುವ ಕೋಣೆಯಂತೆ ಕಳೆಯಲಿಲ್ಲ, ಎದುರಿಗಿದ್ದ ಕೆಲಸವನ್ನು ಪೂರ್ಣ ಮನಸ್ಸಿನಿಂದ ಮಾಡಿದರು. ಚದುರಿಹೋದ ವಿಶ್ವಾಸಿಗಳ ನಡುವೆ ಓಡಾಡುವುದು, ಮುರಿದ ಮನೆ ಕಟ್ಟುವುದು, ಹಗೆಯವರ ನಡುವೆ ತಾಳ್ಮೆಯಿಂದಿರುವುದು, ಲಂಕೆಯಲ್ಲಿ ಮುಂದೆ ಅವರಿಗೆ ಬೇಕಾದದ್ದೆಲ್ಲ ಇವೇ. ಕುಂದಾಪುರದ ರೊಜಾರಿಯೊ ಮಾತೆಯ ಇಗರ್ಜಿಗೆ ಹೋದಾಗಲೆಲ್ಲ ನನಗೆ ಈ ವಿಚಾರ ಬರುತ್ತದೆ: ತಮ್ಮ ದಾರಿ ತಡೆದು ನಿಂತಿದೆ ಎಂದು ಅವರು ಅಂದುಕೊಳ್ಳಬಹುದಾಗಿದ್ದ ಜಾಗವೇ ಇದು, ಇಲ್ಲಿಯೇ ಅವರ ದಾರಿ ಸಿದ್ಧವಾಗುತ್ತಿತ್ತು.

ನಿನಗೆ ಅಪ್ಪನ ಬೆನ್ನುನೋವು, ಮನೆಯ ಸಾಲ ಅಡ್ಡಿಗಳಂತೆ ಕಾಣುತ್ತಿರಬಹುದು. ಅವುಗಳನ್ನು ಅಡ್ಡಿ ಎಂದು ಬರೆಯಬೇಡ. ದೇವರು ನಿನಗೆ ಈಗಾಗಲೇ ಒಪ್ಪಿಸಿದ ಕೆಲಸ ಅದು. ಹೊಸ ಕರೆ ಇದಕ್ಕೆ ಪೂರಕವೇ ವಿರುದ್ಧವೇ ಎಂದು ನೋಡುವುದೂ ದೇವರ ಚಿತ್ತ ತಿಳಿಯುವ ಒಂದು ಬಗೆ. ಎಷ್ಟೋ ಮನೆಗಳಲ್ಲಿ ಗಲ್ಫಿನ ದುಡಿಮೆಯಿಂದಲೇ ತಂದೆತಾಯಿಯ ಔಷಧಿ ನಡೆದಿದೆ, ತಮ್ಮಂದಿರ ಓದು ಮುಗಿದಿದೆ. ಇನ್ನೆಷ್ಟೋ ಮನೆಗಳಲ್ಲಿ ಹಣ ಬಂತು, ಮುದುಕರ ಕೈಹಿಡಿಯುವವರು ಇಲ್ಲವಾದರು. ಎರಡನ್ನೂ ಕಂಡಿದ್ದೇನೆ. ನಿನ್ನದು ಯಾವುದಾಗುತ್ತದೆ ಎಂದು ನಾನು ಇಲ್ಲಿ ಕೂತು ಹೇಳಲಾರೆ.

ಮನಸ್ಸನ್ನು ನೋಡಿಕೊಳ್ಳುವ ಒಂದು ಕ್ರಮ ಮಾತ್ರ ಹೇಳಿಕೊಡಬಲ್ಲೆ. ಅದು ಲೊಯೋಲದ ಸಂತ ಇಗ್ನೇಷಿಯಸರದು. ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಕಟ್ಟಿದ ಯೇಸುಸಭೆಯ ಸ್ಥಾಪಕರು ಅವರು. 1521ರಲ್ಲಿ ಪಾಂಪ್ಲೋನದ ಕಾಳಗದಲ್ಲಿ ಫಿರಂಗಿ ಗುಂಡು ಕಾಲಿಗೆ ಬಡಿದು ಹಾಸಿಗೆ ಹಿಡಿದರು. ಓದಲು ವೀರರ ಪ್ರಣಯಕಥೆ ಕೇಳಿದರು. ಮನೆಯಲ್ಲಿದ್ದದ್ದು ಕ್ರಿಸ್ತರ ಜೀವನ ಮತ್ತು ಸಂತರ ಚರಿತ್ರೆ ಮಾತ್ರ. ಮಲಗಿದಲ್ಲೇ ಎರಡು ಬಗೆಯ ಹಗಲುಗನಸು ಕಾಣುತ್ತಿದ್ದರು: ಅರಮನೆಯ ಹೆಣ್ಣೊಬ್ಬಳನ್ನು ಮೆಚ್ಚಿಸುವುದು, ಸಂತರಂತೆ ಬದುಕುವುದು. ಎರಡೂ ಕಾಣುವಾಗ ಹಿತವೇ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗುತ್ತಿತ್ತು, ಎರಡನೆಯದು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ಈ ವ್ಯತ್ಯಾಸವನ್ನು ಗಮನಿಸಿದ್ದೇ ಅವರ ಪರಿವರ್ತನೆಯ ಮೊದಲ ಹೆಜ್ಜೆ.

ನೀನೂ ಹಾಗೆ ಮಾಡು. ಕೆಲವು ದಿನ ಹೋಗುತ್ತೇನೆ ಎಂದೇ ತೀರ್ಮಾನಿಸಿದವಳಂತೆ ಪ್ರಾರ್ಥನೆಗೆ ಕೂರು, ಇನ್ನು ಕೆಲವು ದಿನ ಇಲ್ಲಿಯೇ ಇರುತ್ತೇನೆ ಎಂದು ಕೂರು. ಆ ಹೊತ್ತಿನ ಖುಷಿ ಲೆಕ್ಕಕ್ಕಿಲ್ಲ. ಎದ್ದು ಕೆಲಸಕ್ಕೆ ಹೋದ ಮೇಲೆ ಏನು ಉಳಿಯಿತು, ಜನರ ಜೊತೆ ಮೃದುವಾದೆಯೋ ಸಿಡುಕಿದೆಯೋ, ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆದಿಡು. ಮನಸ್ಸು ಕತ್ತಲಾಗಿರುವಾಗ ಹಿಂದೆ ಮಾಡಿದ ಒಳ್ಳೆಯ ತೀರ್ಮಾನವನ್ನು ಬದಲಿಸಬೇಡ ಎಂದೂ ಇಗ್ನೇಷಿಯಸರು ಹೇಳಿದ್ದಾರೆ. ಇದು ನಿನಗೆ ವಿಶೇಷವಾಗಿ ಬೇಕು. ನೀನು ನನಗೆ ಬರೆದದ್ದು ನೈಟ್ ಡ್ಯೂಟಿ ಮುಗಿಸಿ ಬಂದ ಬೆಳಗಿನಲ್ಲಿ. ಅರಸುಗಳ ಮೊದಲನೆಯ ಗ್ರಂಥದಲ್ಲಿ ಪ್ರವಾದಿ ಎಲೀಯ ಸಾಯುವುದೇ ಮೇಲು ಎಂದು ಗಿಡದಡಿ ಮಲಗಿದಾಗ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ತಿನ್ನಿಸಿದ. ಹೋರೇಬ್ ಬೆಟ್ಟದಲ್ಲಿ ಆ ಮೆಲುದನಿ ಕೇಳಿಸಿದ್ದು ಆಮೇಲೆ. ಮೊದಲು ನಿದ್ದೆ ಮಾಡು, ಮಗೂ.

ಕನಸು, ದರ್ಶನ ಎಲ್ಲ ಸುಳ್ಳೇ ಎಂದು ಕೇಳಬೇಡ. ಸುಳ್ಳಲ್ಲ. ನಮ್ಮ ತ್ರಾಸಿಯ ಶಾಲೆಗೆ ಹೆಸರಾದ ದೊನ್ ಬೋಸ್ಕೊ ಅವರು ಒಂಬತ್ತರ ಹರೆಯದಲ್ಲಿ ಒಂದು ಕನಸು ಕಂಡು ಬೆಳಿಗ್ಗೆ ಮನೆಮಂದಿಗೆ ಹೇಳಿದರು. ಒಬ್ಬ ಅಣ್ಣ ನೀನು ಕುರಿ ಕಾಯುವವನಾಗುತ್ತೀ ಎಂದ, ಇನ್ನೊಬ್ಬ ಕಳ್ಳರ ನಾಯಕನಾಗುತ್ತೀ ಎಂದ. ತಾಯಿ ಮಾರ್ಗರಿತ, ಯಾರು ಬಲ್ಲರು, ಗುರುವಾದರೂ ಆಗಬಹುದು ಎಂದಳು. ಕನಸಿಗೆಲ್ಲ ಬೆಲೆ ಕೊಡಬಾರದು ಎಂದವಳು ಅಜ್ಜಿ. ಅಜ್ಜಿಯ ಮಾತು ಸರಿಯೆಂದೇ ಆ ಹುಡುಗನಿಗೂ ಅನಿಸಿತಂತೆ. ಆ ಕನಸಿನ ಪೂರ್ಣ ಅರ್ಥ ಅವರಿಗೆ ಹೊಳೆದದ್ದು 1887ರಲ್ಲಿ, ಮುಪ್ಪಿನಲ್ಲಿ, ರೋಮಿನ ಒಂದು ಇಗರ್ಜಿಯಲ್ಲಿ ಪೂಜೆ ಅರ್ಪಿಸುತ್ತಾ ಕಣ್ಣೀರಾದಾಗ. ನಡುವಿನ ಅಷ್ಟೂ ವರ್ಷ ಅವರು ಬೀದಿ ಮಕ್ಕಳಿಗೆ ಊಟ, ವಿದ್ಯೆ, ಕಸುಬು ಕೊಡುವುದರಲ್ಲಿ ಕಳೆದರು.

ಫೋನಿನಲ್ಲಿ ಪ್ರವಾದನೆ ಹೇಳಿ ಕಾಣಿಕೆ ಕೇಳುವವರ ಬಳಿಗೆ ಹೋಗಬೇಡ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಧ್ಯಾನಕೂಟಕ್ಕೆ ಹೋಗು, ಒಳ್ಳೆಯದೇ. ಕೇರಳದ ಮುರಿಂಗೂರಿನ ಧ್ಯಾನಕೇಂದ್ರಕ್ಕೆ ಹೋಗಿ ಕುಡಿತ ಬಿಟ್ಟು, ಮನೆ ಸರಿಮಾಡಿಕೊಂಡವರನ್ನು ನಾನು ಬಲ್ಲೆ. ಆದರೆ ನಿನ್ನ ಭವಿಷ್ಯ ತನಗೆ ಕಾಣುತ್ತದೆ ಎನ್ನುವವರ ಮಾತಿಗೆ ನಿನ್ನ ಆಯುಷ್ಯವನ್ನು ಒಪ್ಪಿಸಬೇಡ. ಪವಿತ್ರಾತ್ಮರನ್ನು ನಂದಿಸಬೇಡಿ, ಆದರೆ ಎಲ್ಲವನ್ನೂ ಪರೀಕ್ಷಿಸಿ ನೋಡಿ ಎಂಬುದು ಥೆಸಲೋನಿಯದವರಿಗೆ ಪೌಲರು ಕೊಟ್ಟ ಬುದ್ಧಿ. ಪಾಪನಿವೇದನೆ ಮಾಡಿ, ನಿನ್ನನ್ನು ಬಲ್ಲ ಧರ್ಮಗುರುಗಳ ಹತ್ತಿರ ಒಂದು ಗಂಟೆ ಕೂತು ಮಾತಾಡು. ಏಲಿ ಸಮುವೇಲನ ಪರವಾಗಿ ತಾನೇ ದೇವರ ಮಾತು ಕೇಳಿಸಿಕೊಳ್ಳಲಿಲ್ಲ, ಹೇಗೆ ಉತ್ತರಿಸಬೇಕೆಂದು ಹೇಳಿ ಹುಡುಗನನ್ನು ಅವನ ಜಾಗಕ್ಕೆ ವಾಪಸು ಕಳಿಸಿದ. ಒಳ್ಳೆಯ ಹಿರಿಯರು ಹಾಗೆಯೇ ಇರುತ್ತಾರೆ.

ಎಲ್ಲ ಮಾಡಿಯೂ ಸ್ಪಷ್ಟವಾಗದೆ ಹೋದರೆ? ಆಗುತ್ತದೆ. ಪೌಲರಿಗೇ ಆಯಿತು. ಆಸ್ಯ ಪ್ರಾಂತ್ಯದಲ್ಲಿ ಸಾರಲು ಹೊರಟರು, ಪವಿತ್ರಾತ್ಮ ತಡೆದರು. ಬಿಥೂನ್ಯಕ್ಕೆ ಹೊರಟರು, ಅಲ್ಲೂ ಬಿಡಲಿಲ್ಲ. ಯಾಕೆಂದು ಹೇಳಲಿಲ್ಲ. ಕೊನೆಗೆ ಕಡಲಂಚಿನ ತ್ರೋವದಲ್ಲಿ ರಾತ್ರಿ ಮಕೆದೋನ್ಯದ ಗಂಡಸೊಬ್ಬ ಕರೆಯುವ ದರ್ಶನವಾಯಿತು. ಕಡಲು ದಾಟಿ ಫಿಲಿಪ್ಪಿಗೆ ಹೋದರೆ ಮೊದಲು ಮಾತು ಕೇಳಿದ್ದು ಹೊಳೆಯ ದಡದಲ್ಲಿ ಕೂತಿದ್ದ ಹೆಂಗಸರು. ಅವರಲ್ಲಿ ಕೆನ್ನೀಲಿ ಬಟ್ಟೆ ಮಾರುವ ಲುದ್ಯಳು ಮನೆಯ ಬಾಗಿಲು ತೆರೆದಳು. ಅದಾಗಿ ಸ್ವಲ್ಪ ದಿನಕ್ಕೆ ಛಡಿಯೇಟು, ಸೆರೆಮನೆ. ದೇವರೇ ತೋರಿಸಿದ ದಾರಿಯಲ್ಲಿ ಹೋದವರಿಗೆ ಇಷ್ಟೆಲ್ಲ ಆಯಿತು. ಆದ್ದರಿಂದ ಕುವೈತಿಗೆ ಹೋಗಿ ಮೊದಲ ಆರು ತಿಂಗಳು ಅತ್ತರೆ ದೇವರ ಚಿತ್ತ ತಪ್ಪಿತೆಂದು ತಿಳಿಯಬೇಡ. ಇಲ್ಲೇ ಉಳಿದು ಸಾಲದವರ ಮಾತು ಕೇಳಬೇಕಾಗಿ ಬಂದರೂ ಹಾಗೆಂದುಕೊಳ್ಳಬೇಡ.

ಗೆತ್ಸೆಮನೆಯ ತೋಪಿನಲ್ಲಿ ಸ್ವಾಮಿ ಒಂದೇ ಪ್ರಾರ್ಥನೆಯನ್ನು ಮೂರು ಸಲ ಮಾಡಿದರು ಎಂದು ಮತ್ತಾಯ ಬರೆದಿದ್ದಾನೆ. ಸಾಧ್ಯವಾದರೆ ಇದು ತಪ್ಪಲಿ ಎಂದು ಬೇಡಿದರು, ನಿಮ್ಮ ಚಿತ್ತವೇ ನೆರವೇರಲಿ ಎಂದೂ ಬೇಡಿದರು. ನಮ್ಮಲ್ಲಿ ಕೆಲವರು ಮೊದಲನೆಯದನ್ನು ಹೇಳಲು ನಾಚುತ್ತಾರೆ, ಅದು ಅವಿಶ್ವಾಸವೆಂಬಂತೆ. ನೀನು ನಾಚಬೇಡ. ನಿನಗೆ ಹೋಗಲು ಆಸೆ ಇದ್ದರೆ ಆಸೆ ಇದೆ ಎಂದು ಹೇಳು, ಹೆದರಿಕೆ ಇದ್ದರೆ ಹೆದರಿಕೆ ಎಂದು ಹೇಳು. ಬೇಕಾದದ್ದನ್ನು ಬಚ್ಚಿಟ್ಟು ನಿಮ್ಮ ಚಿತ್ತ ಎನ್ನುವ ಪ್ರಾರ್ಥನೆಯಲ್ಲಿ ಪ್ರಾಣವಿರುವುದಿಲ್ಲ.

ಕೊನೆಗೆ ಕೈಯಲ್ಲಿ ಮಾಡಬೇಕಾದ ಕೆಲಸ. ನೆಹೆಮೀಯ ಜೆರುಸಲೇಮಿನ ಗೋಡೆಗಾಗಿ ತಿಂಗಳುಗಟ್ಟಲೆ ಉಪವಾಸವಿದ್ದು ಪ್ರಾರ್ಥಿಸಿದ. ರಾಜನ ಎದುರು ನಿಂತಾಗ ಮಾತ್ರ ಎಷ್ಟು ದಿನ ಬೇಕು, ಯಾವ ಅಧಿಕಾರಿಗೆ ಪತ್ರ ಬೇಕು, ಮರ ಎಲ್ಲಿಂದ ಸಿಗಬೇಕು ಎಂಬುದೆಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ನೀನೂ ವಿಚಾರಿಸು. ಕುವೈತಿನಂಥ ದೇಶಗಳಿಗೆ ನರ್ಸುಗಳ ನೇಮಕಾತಿ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವ್ಯವಸ್ಥೆಯ ಮೂಲಕ, ಸರ್ಕಾರ ಒಪ್ಪಿದ ಏಜೆನ್ಸಿಗಳಿಂದಲೇ ಆಗಬೇಕೆಂಬ ನಿಯಮ 2015ರಿಂದ ಇದೆ. ನಿನಗೆ ಕರೆ ತಂದವರು ಆ ಪಟ್ಟಿಯಲ್ಲಿದ್ದಾರೆಯೇ ನೋಡು. ಕರಾರುಪತ್ರ ಕೈಗೆ ಬರುವ ಮೊದಲು ಒಂದು ರೂಪಾಯಿಯನ್ನೂ ಕೊಡಬೇಡ. ಸಂಬಳ, ರಜೆ, ವಸತಿ, ವಾಪಸು ಬರುವ ಷರತ್ತು, ಎಲ್ಲವನ್ನೂ ಓದು. ಬುರುಜು ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕುತ್ತಾನಲ್ಲವೇ ಎಂದು ಲೂಕನ ಹದಿನಾಲ್ಕನೆಯ ಅಧ್ಯಾಯದಲ್ಲಿ ಕೇಳಿದವರು ಸಾಕ್ಷಾತ್ ಸ್ವಾಮಿಯೇ.

ಅಪ್ಪನ ಹತ್ತಿರ ನೀನು ಇನ್ನೂ ಮನಬಿಚ್ಚಿ ಮಾತಾಡಿಲ್ಲ ಎಂದು ನಿನ್ನ ಬರಹದಿಂದಲೇ ನನಗೆ ಗೊತ್ತಾಯಿತು. ಅವರು ಬೇಡವೆಂದಾರು ಎಂಬ ಭಯವೋ, ಹೋಗೆಂದು ಹೇಳಿ ಒಳಗೊಳಗೇ ನೊಂದುಕೊಂಡಾರು ಎಂಬ ಭಯವೋ, ನೀನೇ ಬಲ್ಲೆ. ಈ ವಾರ ಕೇಳು. ಬೆನ್ನಿಗೆ ಎಣ್ಣೆ ಹಚ್ಚುವಾಗ ಕೇಳು, ಆಗ ಗಂಡಸರು ನಿಜ ಹೇಳುತ್ತಾರೆ. ಅಮ್ಮನೂ ತಮ್ಮನೂ ಕೇಳಿಸಿಕೊಳ್ಳಲಿ. ಆ ಮೇಲೆ ನಾಲ್ವರೂ ಕೂಡಿ ತೆರ್ಸ್ ಹೇಳಿ, ಅಪ್ಪ ಅಮ್ಮನ ಬೆಸಾಂವ್, ಅಂದರೆ ಆಶೀರ್ವಾದ ಕೇಳು. ಏನಾಯಿತೆಂದು ನನಗೆ ತಿಳಿಸು. ಭಾನುವಾರ ಪೂಜೆಯಿಂದ ಬಂದ ಮೇಲೆ ಮನೆಯಲ್ಲೇ ಇರುತ್ತೇನೆ, ಕರಾರುಪತ್ರ ಬಂದಿದ್ದರೆ ಅದನ್ನೂ ತೆಗೆದುಕೊಂಡು ಬಾ, ಕನ್ನಡಕ ಹಾಕಿಕೊಂಡು ಒಟ್ಟಿಗೆ ಓದೋಣ.

ನಿನ್ನ ಟೀಚರ್